ಮೈಕಣ್ಣನ ಸನ್ನದು

ರೈಲ್ವೆ ಸ್ಟೇಷನ್ನಿನ ಮೈಕಿನ ಮುಂದೆ ಕೂತು ಆಯುಷ್ಯವನ್ನೆಲ್ಲ ಕಳೆದ ಮನುಷ್ಯ, ನಿವೃತ್ತನಾದ ಮೇಲೆ ಎಲ್ಲರ ಹಾಗೆ ಪೇಪರ್ ಓದಿಕೊಂಡು, ಹೆಂಡತಿಯ ಕೈಲಿ ಬೈಸಿಕೊಂಡು ತೆಪ್ಪಗೆ ಇದ್ದುಬಿಟ್ಟಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಆದರೆ ಮೈಕಣ್ಣನಿಗೆ ಕಾನೂನು ಓದುವ ಹುಚ್ಚು ಹಿಡಿಯಿತು.

ಮೈಕಣ್ಣ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಅದು ಅವನ ಗಂಟಲಿಗೆ ಜನ ಇಟ್ಟ ಹೆಸರು. ಆ ಗಂಟಲಿನಿಂದ ಹೊರಟ ಮಾತು ಯಾವುದೇ ಇರಲಿ, ಅದಕ್ಕೆ ಸರ್ಕಾರಿ ಆದೇಶದ ತೂಕ ತಾನಾಗಿಯೇ ಬಂದುಬಿಡುತ್ತಿತ್ತು. "ಸ್ವಲ್ಪ ಸಕ್ಕರೆ ಹಾಕು" ಎಂದರೆ ಪಕ್ಕದ ಮನೆಯವರೂ ಎದ್ದು ಸಕ್ಕರೆ ಡಬ್ಬಿ ಹುಡುಕಬೇಕು, ಅಂಥ ಧ್ವನಿ. ಧ್ವನಿಯ ಹಿಂದಿದ್ದ ತಲೆ ಮಾತ್ರ ಸ್ವಲ್ಪ ಗಲಿಬಿಲಿಯದು. ಒಮ್ಮೆ ನಾಲ್ಕನೇ ಪ್ಲಾಟ್‌ಫಾರ್ಮಿನ ರೈಲನ್ನು ಎರಡಕ್ಕೆ ಬರುತ್ತದೆ ಎಂದುಬಿಟ್ಟಿದ್ದ. ಜನ ಗಂಟುಮೂಟೆ ಹೊತ್ತು ಎರಡಕ್ಕೆ ಓಡಿದರು. ರೈಲು ನಾಲ್ಕಕ್ಕೇ ಬಂದು ನಿಂತಿತು. ಆಶ್ಚರ್ಯವೆಂದರೆ, ಜನ ರೈಲನ್ನು ಬೈದರೇ ಹೊರತು ಮೈಕಣ್ಣನನ್ನು ಬೈಯಲಿಲ್ಲ.

ಇಂಥವನು ಸಂಜೆ ಕಾಲೇಜು ಸೇರಿ, ಮಗಳ ವಯಸ್ಸಿನ ಹುಡುಗಿಯರ ನಡುವೆ ಬೆಂಚಿನ ಮೇಲೆ ಮುದುರಿ ಕೂತು, ಸಾಕ್ಷ್ಯ ಕಾಯ್ದೆಯ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಮುಗ್ಗರಿಸಿ, ಕೊನೆಗೂ ಕಾನೂನು ಪದವಿ ಗಿಟ್ಟಿಸಿದ. ಆದರೆ ಪದವಿ ಸಿಕ್ಕಿದ ಕೂಡಲೇ ವಕೀಲನಾಗುವುದಿಲ್ಲ. ಪದವಿ ಕೊಡುವುದು ಕಾಲೇಜು. ಕೋರ್ಟಿನಲ್ಲಿ ಎದ್ದು ನಿಂತು ವಾದಿಸುವ ಹಕ್ಕನ್ನು, ಅಂದರೆ ಸನ್ನದನ್ನು, ಕೊಡುವುದು ವಕೀಲರ ಪರಿಷತ್ತು. ಈ ಪರಿಷತ್ತು ಸಾಮಾನ್ಯದ್ದಲ್ಲ. ಹೆಣ್ಣು ಕೊಡುವ ಮನೆಯವರು ಗಂಡಿನ ಬಗ್ಗೆ ವಿಚಾರಿಸುವುದಕ್ಕಿಂತ ಹೆಚ್ಚು ವಿಚಾರಿಸುತ್ತದೆ. ಅಂಕಪಟ್ಟಿ ನೋಡಿದ್ದು ಸಾಲದೆ ನಡತೆಯನ್ನೂ ಕೆದಕುತ್ತದೆ. ಅಪ್ಪ ಯಾರು, ಮಾವ ಯಾರು ಎಂದು ಮಾತ್ರ ಕೇಳುವುದಿಲ್ಲ. ಅದೇ ಅದರ ದೊಡ್ಡಸ್ತಿಕೆ. ಮಂತ್ರಿಯ ಮಗನೂ ಅಲ್ಲಿ ಕಾರಿಡಾರಿನ ಮರದ ಬೆಂಚಿನ ಮೇಲೆಯೇ ಕೂರಬೇಕು. ಸನ್ನದು ಸಿಗುವ ಮೊದಲೇ ವಕೀಲಿ ಮಾಡಿದವನನ್ನಂತೂ ಅದು ಹೊಸಿಲು ದಾಟಲು ಬಿಡುವುದಿಲ್ಲ.

ಮೈಕಣ್ಣ ಅರ್ಜಿ ಹಾಕಿದ. ಹಾಕಿದವನು ಕಾಯಬೇಕಿತ್ತು. ಕಾಯುವ ಬದಲು ಕರಿ ಕೋಟು ಹೊಲಿಸಿದ.

"ಸನ್ನದು ಬರೋ ಮೊದಲೇ ಕೋಟು ಯಾಕ್ರೀ?" ಎಂದಳು ಹೆಂಡತಿ.

"ಬಂದ ದಿನ ಹೊಲಿಸೋಕೆ ಆಗುತ್ತೇನೇ? ಟೈಲರ್ ಹೇಳಿದಾನೆ, ಹೊಸ ಕೋಟು ಮೈಗೆ ಒಗ್ಗಬೇಕಂತೆ. ಆಗಾಗ ಹಾಕ್ಕೊಂಡು ಓಡಾಡ್ಬೇಕಂತೆ."

"ಮನೇಲಿ ಓಡಾಡಿ."

ಮನೆಯಲ್ಲಿ ಓಡಾಡಲು ಜಾಗವೆಲ್ಲಿದೆ? ಮೈಕಣ್ಣ ಕೋಟು ತೊಟ್ಟು ತರಕಾರಿ ತರಲು ಹೋದ. ಬೀದಿ ಎದ್ದು ನಿಂತಿತು. ಯಾವಾಗಲೂ ಕೊಳೆತ ಟೊಮೇಟೊ ತೂಗುತ್ತಿದ್ದ ಅಂಗಡಿಯವಳು ಒಂದೊಂದನ್ನೇ ಒರೆಸಿ ಕೊಟ್ಟಳು. ಸಲೂನಿನವನು ಗಿರಾಕಿಯ ಅರ್ಧ ಗಡ್ಡವನ್ನು ಹಾಗೇ ಬಿಟ್ಟು ಹೊರಗೆ ಬಂದು, "ನಮಸ್ಕಾರ ಲಾಯರ್ ಸಾರ್!" ಎಂದ.

"ಇನ್ನೂ ಇಲ್ಲಪ್ಪ, ಸನ್ನದು ಬರ್ಬೇಕು," ಎಂದ ಮೈಕಣ್ಣ. ಆದರೆ ಮೊದಲ ದಿನ ಗಟ್ಟಿಯಾಗಿ ಹೇಳಿದ್ದು ಎರಡನೆಯ ದಿನ ಮೆಲ್ಲಗಾಯಿತು. ವಾರ ಕಳೆಯುವಷ್ಟರಲ್ಲಿ ತುಟಿ ಮಾತ್ರ ಅಲ್ಲಾಡುತ್ತಿತ್ತು. ಪಾಪ, ಅವನದೂ ತಪ್ಪಿಲ್ಲ. ಅವನ ಧ್ವನಿಗೆ ಜನ ಬಹಳ ಮರ್ಯಾದೆ ಕೊಟ್ಟಿದ್ದರು. ಮುಖಕ್ಕೆ ಕೊಟ್ಟಿದ್ದು ಇದೇ ಮೊದಲು.

ಹೀಗಿರುವಾಗ ಒಂದು ದಿನ ಬೀದಿಗೆ ಒಬ್ಬ ಸಣಕಲು ಮನುಷ್ಯ ಬಂದ. ಕೈಯಲ್ಲಿ ಚರ್ಮದ ಚೀಲ. ನಗು ಎಂಬುದನ್ನು ಎಲ್ಲೋ ಅಡವಿಟ್ಟು ಬಂದ ಮುಖ. ಅವನು ಪರಿಷತ್ತಿನ ವಿಚಾರಣಾಧಿಕಾರಿ. ಕೇಳಿದರೆ ತಾನು ಯಾರೆಂದು ಹೇಳುತ್ತಿದ್ದ. ಆದರೆ ಯಾರೂ ಕೇಳಲಿಲ್ಲ. ಏಕೆಂದರೆ ಅವನು ಬಾಯಿ ಬಿಡುವ ಮೊದಲೇ ಇಡೀ ಬೀದಿ ತೀರ್ಮಾನ ಮಾಡಿಬಿಟ್ಟಿತ್ತು: ಇವನು ಕಕ್ಷಿಗಾರ, ಯಾವುದೋ ದೊಡ್ಡ ಕೇಸು ಹಿಡಿದು ಒಳ್ಳೆಯ ವಕೀಲರನ್ನು ಹುಡುಕಿಕೊಂಡು ಬಂದಿದ್ದಾನೆ.

"ಇಲ್ಲಿ ರೈಲ್ವೆಯಲ್ಲಿದ್ದವರು ಒಬ್ಬರು ಇದಾರಂತೆ. ಹೇಗೆ, ಜನ?" ಎಂದು ಅಧಿಕಾರಿ ಸಲೂನಿನಲ್ಲಿ ಕೇಳಿದ.

ಸಲೂನಿನವನಿಗೆ ಅಷ್ಟೇ ಬೇಕಾಗಿತ್ತು. "ಲಾಯರ್ ಸಾರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಕಣ್ಣು ಮುಚ್ಚಿ ಕೇಸು ಕೊಡಿ ಅವರಿಗೆ."

"ಕೇಸು ನಡೆಸ್ತಾರಾ?"

"ನಡೆಸೋದೇನು ಸ್ವಾಮಿ, ಮುಗಿಸೇಬಿಡ್ತಾರೆ! ನನಗೂ ಪಕ್ಕದ ಗಡಿಯಾರ ಅಂಗಡಿಯವನಿಗೂ ಈ ನಡುಗೋಡೆಗೆ ಜಗಳ. ವರ್ಷಗಟ್ಟಲೆ ಮುಖ ನೋಡ್ತಿರ್ಲಿಲ್ಲ ನಾವು. ಲಾಯರ್ ಸಾರ್ ಬಂದ್ರು, ಒಂದೇ ಮಾತು. ಖಲಾಸ್!"

ಅಧಿಕಾರಿ ಮುಖಭಾವ ಬದಲಿಸದೆ ಮುಂದಿನ ಮನೆಗೆ ಹೋದ. ಅದು ಮೈಕಣ್ಣನ ಮನೆಯ ಮಾಲಕಿಯದು. ಬಾಡಿಗೆ ವಸೂಲಿಯ ದಿನ ಮಾತ್ರ ಮೆಟ್ಟಿಲಿಳಿಯುವ ಆಕೆ ಅಂದು ತಾನಾಗಿಯೇ ಕೆಳಗೆ ಬಂದಳು. "ನಮ್ಮ ಹಿಂದಿನ ಕೋಣೆಯವನು ಹಗಲಿಡೀ ಕೊಳಲು ಊದಿ ಪ್ರಾಣ ತೆಗೀತಿದ್ದ. ಕೋಣೆ ಬಿಡಿಸೋಕಾಗುತ್ತಾ ಅಂತ ಇವರನ್ನ ಕೇಳ್ದೆ. ಅವನೆದುರೇ ಹೇಳಿದ್ರು ನೋಡಿ, ಇಬ್ಬರೂ ಗಪ್‌ಚಿಪ್. ಈಗ ಅವನು ಟೆರೇಸಿನ ಮೇಲೆ ಊದ್ತಾನೆ, ನಾನು ಕಿಟಕಿ ತೆಗೆದು ಕೇಳ್ತೀನಿ."

ಕೊನೆಗೆ ಸಿಕ್ಕಿದವನು ಮೈಕಣ್ಣನ ಭಾವಮೈದ. ಅಕ್ಕನ ಮನೆಗೆ ಊಟಕ್ಕೆ ಬಂದವನು ಗೇಟಿನಲ್ಲೇ ಅಧಿಕಾರಿಯ ಕೈಗೆ ಸಿಕ್ಕಿಬಿದ್ದ, ಅಥವಾ ಅಧಿಕಾರಿಯೇ ಅವನ ಬಾಯಿಗೆ ಸಿಕ್ಕಿಬಿದ್ದ. ಈ ಭಾವಮೈದನ ಬಾಯಲ್ಲಿ ಒಂದು ಬೆಕ್ಕು ಹೊಕ್ಕರೆ ಹುಲಿಯಾಗಿ ಹೊರಬರುತ್ತಿತ್ತು.

"ನಮ್ಮ ಭಾವನ ವಿಷಯ ನನ್ನನ್ನ ಕೇಳಿ," ಎಂದ ಅವನು, ಧ್ವನಿ ತಗ್ಗಿಸಿ. "ಹೊರಗೆ ಹೇಳ್ಬೇಡಿ. ಕಷ್ಟದ ಕೇಸು ಬಂದ್ರೆ ಜಡ್ಜುಗಳೇ ಫೋನ್ ಮಾಡ್ತಾರೆ. 'ಏನು ತೀರ್ಪು ಕೊಡ್ಲಿ?' ಅಂತ ಕೇಳ್ತಾರೆ. ನಮ್ಮ ಭಾವ ಊಟಕ್ಕೆ ಕೂತಿದ್ರೆ, 'ಆಮೇಲೆ ಹೇಳ್ತೀನಿ' ಅಂತಾರೆ. ಅಲ್ಲೀತನಕ ಕೋರ್ಟು ಕಾಯುತ್ತೆ."

"ಹೌದಾ," ಎಂದ ಅಧಿಕಾರಿ. ಚೀಲ ಎತ್ತಿಕೊಂಡು ಹೊರಟುಹೋದ.

ಸಂಜೆ ಮೈಕಣ್ಣ ಬಂದಾಗ ಬೀದಿಗೆ ಬೀದಿಯೇ ಸುದ್ದಿ ಹೇಳಲು ಕಾದಿತ್ತು. ದೊಡ್ಡ ಕಕ್ಷಿಗಾರ ಬಂದಿದ್ದ, ನಾವೆಲ್ಲ ಸೇರಿ ಬಲೆಗೆ ಕೆಡವಿದ್ದೇವೆ, ನೀವು ಬಾಯಿ ಮುಚ್ಚಿಕೊಂಡು ಕೇಸು ತಗೊಳ್ಳಿ ಎಂದರು. ಮೈಕಣ್ಣನ ಎದೆ ಉಬ್ಬಿತು. ಮರುವಾರ ಪರಿಷತ್ತಿನಿಂದ ನೋಟಿಸು ಬಂದಾಗ ಅದೇ ಎದೆ ಬೆನ್ನಿಗೆ ಅಂಟಿಕೊಂಡಿತು. ಸನ್ನದಿಲ್ಲದೆ ವಕೀಲಿ ನಡೆಸಿದ್ದೀರಿ ಎಂದು ತಿಳಿದುಬಂದಿದೆ. ನಿಮ್ಮ ಅರ್ಜಿಯನ್ನು ಏಕೆ ತಿರಸ್ಕರಿಸಬಾರದು, ಖುದ್ದಾಗಿ ಬಂದು ಹೇಳಿ ಎಂದು ಅದರಲ್ಲಿತ್ತು.

"ಮುಳುಗಿದೆ ಕಣೇ," ಎಂದ ಮೈಕಣ್ಣ. ಆ ಧ್ವನಿಗೆ ಬೀದಿಯಲ್ಲಿ ಒಂದಿಬ್ಬರು ಏನು ಮುಳುಗಿತೋ ಎಂದು ಹೊರಗೆ ಬಂದು ನೋಡಿದರು.

ಹೆಂಡತಿ ನೋಟಿಸನ್ನು ಪೂರ್ತಿ ಓದಿದಳು. ಕೋಟನ್ನು ಗೂಟದಿಂದ ತೆಗೆದು, ಮಡಚಿ, ಪೆಟ್ಟಿಗೆಯಲ್ಲಿಟ್ಟಳು. "ನೀವು ವಕೀಲಿ ಮಾಡಿಲ್ಲ ಅಂತ ನನಗೆ ಗೊತ್ತು," ಎಂದಳು. "ನಿಮಗೆ ಬರಲ್ಲ ಅಂತಾನೂ ಗೊತ್ತು. ಹೋಗಿ, ಅದನ್ನೇ ಹೇಳಿ."

ಸಮಾಧಾನವೋ, ಬೈಗುಳವೋ, ಮೈಕಣ್ಣನಿಗೆ ತಿಳಿಯಲಿಲ್ಲ. ಅವನು ಬೀದಿಯವರನ್ನೆಲ್ಲ ಕರೆದು ವಿಷಯ ತಿಳಿಸಿದ: ಬಂದವನು ಕಕ್ಷಿಗಾರನಲ್ಲ, ಪರಿಷತ್ತಿನವನು, ನೀವು ಹೊಗಳಿದಷ್ಟೂ ನನಗೆ ಕುತ್ತು.

ಸಲೂನಿನವನು ನಾಲಿಗೆ ಕಚ್ಚಿಕೊಂಡ. ಮಾಲಕಿ ಸೆರಗು ಬಾಯಿಗಿಟ್ಟಳು. ಭಾವಮೈದ ಮಾತ್ರ ಎದ್ದು ನಿಂತ. "ಭಾವ, ಕಟ್ಟಿದವರೂ ನಾವೇ, ಬಿಚ್ಚೋರೂ ನಾವೇ. ನಾವೆಲ್ಲ ಬಂದು ಸಾಕ್ಷಿ ಹೇಳ್ತೀವಿ. ನಿಮಗೇನೂ ಬರಲ್ಲ ಅಂತ ರುಜುವಾತು ಮಾಡ್ತೀವಿ."

"ಇದ್ದದ್ದು ಇದ್ದ ಹಾಗೆ ಹೇಳ್ರಪ್ಪಾ, ಸಾಕು," ಎಂದು ಮೈಕಣ್ಣ ಅಂಗಲಾಚಿದ.

"ಅಯ್ಯೋ, ಅದಕ್ಕಿಂತ ಚೆನ್ನಾಗೇ ಹೇಳ್ತೀವಿ ಬಿಡಿ!"

ವಿಚಾರಣೆಯ ದಿನ ಬೀದಿಯವರು ಒಂದು ವ್ಯಾನಿನಲ್ಲಿ ತುಂಬಿಕೊಂಡು ಬಂದಿಳಿದರು. ಪರಿಷತ್ತಿನ ಕಟ್ಟಡ ಹಳೆಯದು. ಕಡಿದಾದ ಮೆಟ್ಟಿಲು, ಮೇಲೆ ಉದ್ದನೆಯ ಕಾರಿಡಾರು, ಗೋಡೆಯ ತುಂಬ ತೀರಿಹೋದ ವಕೀಲರ ಪಟಗಳು. ಅವರೆಲ್ಲರೂ ಮೈಕಣ್ಣನನ್ನೇ ನೋಡುತ್ತಿದ್ದರು, 'ಇವನಾ?' ಎಂದು ತಮ್ಮತಮ್ಮಲ್ಲೇ ಕೇಳಿಕೊಳ್ಳುವಂತಿತ್ತು.

ಒಳಗೆ ಮೇಜಿನ ಹಿಂದೆ ನೋಂದಣಿ ಸಮಿತಿಯ ಅಧ್ಯಕ್ಷೆ, ಅಕ್ಕಪಕ್ಕ ಇಬ್ಬರು ಸದಸ್ಯರು. ಅಧ್ಯಕ್ಷೆ ವಯಸ್ಸಾದ ವಕೀಲೆ. ಬೆಳ್ಳಗಿನ ಕೂದಲು, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ಅವರು ಎಂದೂ ಗದರಿದವರಲ್ಲ. ಪ್ರಶ್ನೆ ಕೇಳಿ ಸುಮ್ಮನೆ ಕಾಯುತ್ತಿದ್ದರು. ಅವರ ಮುಂದೆ ಸುಳ್ಳು ಹೇಳಲು ಹೊರಟವರಿಗೆ ಅರ್ಧ ದಾರಿಯಲ್ಲಿ ಕಾಲು ಸೋಲುತ್ತಿತ್ತಂತೆ.

ವಿಚಾರಣಾಧಿಕಾರಿ ಬೀದಿಯಲ್ಲಿ ಕೇಳಿದ್ದನ್ನೆಲ್ಲ ಒಂದಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಒಪ್ಪಿಸಿದ. ಜಡ್ಜುಗಳು ಫೋನ್ ಮಾಡುವ ಭಾಗ ಬಂದಾಗ ಒಬ್ಬ ಸದಸ್ಯರಿಗೆ ಕೆಮ್ಮು ಬಂತು. ಅಧ್ಯಕ್ಷೆ ಮಾತ್ರ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಒಂದು ಗುಟುಕು ಬಿಸಿನೀರು ಕುಡಿದರು.

"ಸಾಕ್ಷಿಗಳು ಬಂದಿದಾರಂತಲ್ಲ. ಕರೀರಿ."

ಮೊದಲು ಮಾಲಕಿ. "ಅಮ್ಮಾ, ಇವರಿಗೆ ಕಾನೂನು ಅಂದ್ರೆ ಏನೂ ಗೊತ್ತಿಲ್ಲ. ಕಾನೂನು ಹೋಗ್ಲಿ, ನೀರಿನ ಮೋಟಾರು ಆಫ್ ಮಾಡೋಕೂ ಬರಲ್ಲ. ಟ್ಯಾಂಕು ತುಂಬಿ ನಮ್ಮ ಮನೆ ಎಷ್ಟು ಸಲ ಸಮುದ್ರವಾಗಿದೆ!"

ಆಮೇಲೆ ಸಲೂನಿನವನು. "ಇಂಥ ಪೆದ್ದರನ್ನ ನಾನು ನೋಡಿಲ್ಲ ಮೇಡಂ. ಬಹಳ ಒಳ್ಳೇವರು. ಆದ್ರೆ ಪೆದ್ದರು. ರಸ್ತೆ ದಾಟಿಸೋಕೆ ಯಾರಾದ್ರೂ ಬೇಕು."

ಮೈಕಣ್ಣ ಕಣ್ಣು ಮುಚ್ಚಿಕೊಂಡ. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಭಾವಮೈದ ಎದ್ದು, ಕೈ ಮುಗಿದು, ಗಂಟಲು ಗದ್ಗದ ಮಾಡಿಕೊಂಡ.

"ಮೇಡಂ, ಮನೆಯ ಮಾನದ ಪ್ರಶ್ನೆ ಅಂತ ಇಷ್ಟು ದಿನ ಮುಚ್ಚಿಟ್ಟಿದ್ವಿ. ನಮ್ಮ ಭಾವನಿಗೆ ಬುದ್ಧಿ ಸ್ತಿಮಿತ ಇಲ್ಲ. ಅವರಿಗೆ ತಾನು ರೈಲೋ ಮನುಷ್ಯನೋ ಅನ್ನೋದೇ ಒಮ್ಮೊಮ್ಮೆ ತಿಳಿಯಲ್ಲ."

ಹಿಂದಿನ ಸಾಲಿನಲ್ಲಿ ಮೈಕಣ್ಣನ ಹೆಂಡತಿ ತಮ್ಮನನ್ನು ನೋಡಿದ ನೋಟವಿದೆಯಲ್ಲ, ಅದು ಅವನಿಗೆ ಆರು ತಿಂಗಳು ಊಟ ಸಿಗುವುದಿಲ್ಲ ಎನ್ನುವಂತಿತ್ತು.

ಅಧ್ಯಕ್ಷೆ ಕನ್ನಡಕ ತೆಗೆದರು. "ಮೊನ್ನೆ ಇವರು ಜಡ್ಜುಗಳಿಗೇ ಬುದ್ಧಿ ಹೇಳೋರು ಅಂದ್ರಿ. ಇವತ್ತು ಬುದ್ಧೀನೇ ಇಲ್ಲ ಅಂತೀರಿ. ಮೊದಲನೇದು ನಿಜ ಆದ್ರೆ, ಸನ್ನದಿಲ್ಲದೆ ವಕೀಲಿ ಮಾಡಿದಾರೆ ಅಂತ ನಾನು ಇವರನ್ನ ಸೇರಿಸ್ಕೊಳ್ಳೋ ಹಾಗಿಲ್ಲ. ಎರಡನೇದು ನಿಜ ಆದ್ರೆ, ಬುದ್ಧಿ ಸರಿಯಿಲ್ಲ ಅಂತ ಸೇರಿಸ್ಕೊಳ್ಳೋ ಹಾಗಿಲ್ಲ. ನಿಮಗೆ ಇವರ ಮೇಲೆ ಎಷ್ಟು ಪ್ರೀತಿಯೋ, ಎರಡೂ ಬಾಗಿಲು ಮುಚ್ಚಿಬಿಟ್ರಲ್ಲ."

ಸಲೂನಿನವನ ಕಣ್ಣಲ್ಲಿ ನೀರು ಬಂತು. "ತಪ್ಪಾಯ್ತು ಮೇಡಂ. ಅವರಿಗೆ ಒಳ್ಳೇದಾಗ್ಲಿ ಅಂತಲೇ..."

"ಗೊತ್ತು. ಈಗ ಒಂದು ಕೆಲಸ ಮಾಡಿ. ಇವರು ಜಾಣರೋ ಪೆದ್ದರೋ, ಅದು ನನಗೆ ಬೇಡ. ಆ ಗೋಡೆ ಜಗಳದ ದಿನ ನೀವು ಏನು ಕೇಳಿದ್ರಿ, ಇವರು ಏನು ಹೇಳಿದ್ರು? ಅವತ್ತು ಆಡಿದ ಮಾತು ಅಷ್ಟೇ ಹೇಳಿ. ನಿಮ್ಮದೊಂದು ಮಾತೂ ಸೇರಿಸ್ಬೇಡಿ."

ಸೇರಿಸದೆ ಹೇಳುವುದು ಸಲೂನಿನವನಿಗೆ ಹೊಸ ವಿದ್ಯೆ. ಬೆವರಿದ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಅಧ್ಯಕ್ಷೆ ಕಾದರು.

"ನಾನು ಕನ್ನಡಿಗೆ ಅಂತ ಮೊಳೆ ಹೊಡೆದೆ. ಅದು ಗೋಡೆ ತೂರಿ ಗಡಿಯಾರದವನ ಕಡೆ ಹೊರಗೆ ಬಂತು. ಗೋಡೆ ನಂದು ಅಂತ ಅವನು, ನಂದು ಅಂತ ನಾನು. ಸಾರ್ ಆ ಕಡೆ ಬಂದ್ರು. 'ಗೋಡೆ ಯಾರದು ಸಾರ್?' ಅಂತ ಇಬ್ಬರೂ ಕೇಳಿದ್ವಿ."

"ಏನಂದ್ರು?"

"'ನನಗೆ ಗೊತ್ತಿಲ್ಲ' ಅಂದ್ರು."

"ಆಮೇಲೆ?"

"'ಯಾರಾದ್ರೂ ವಕೀಲರನ್ನ ನೋಡಿ' ಅಂದ್ರು. ಅಷ್ಟೇ ಮೇಡಂ."

"ಅಷ್ಟಕ್ಕೇ ಜಗಳ ಮುಗೀತಾ?"

"ಅವರು ಅದನ್ನ ಹೇಳಿದ ರೀತಿ ನೀವು ಕೇಳ್ಬೇಕಿತ್ತು ಮೇಡಂ! ಮೈ ಜುಂ ಅಂತು. ಇಷ್ಟು ಓದಿದೋರಿಗೇ ಗೊತ್ತಿಲ್ಲ ಅಂದ್ಮೇಲೆ, ಇದು ಕೋರ್ಟಿಗೆ ಹೋದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ತೀರಲ್ಲ ಅಂತ ಇಬ್ಬರಿಗೂ ಅನ್ನಿಸ್ತು. ಅವನು ಆ ಮೊಳೆಗೆ ಒಂದು ಗಡಿಯಾರ ತಗಲಿ ಹಾಕ್ಕೊಂಡ. ನಾನು ಚಹಾ ತರಿಸ್ದೆ."

ಮಾಲಕಿಯನ್ನು ಕೇಳಿದರೆ ಅಲ್ಲಿಯೂ ಅದೇ ಕಥೆ. ಬಿಡಿಸಬಹುದಾ ಎಂದು ಆಕೆ ಕೇಳಿದ್ದಕ್ಕೆ ಮೈಕಣ್ಣ ಹೇಳಿದ್ದು ಅದೊಂದೇ ಮಾತು. ಕೊಳಲಿನವನೂ ಹೆದರಿದ್ದ, ಆಕೆಯೂ ಹೆದರಿದ್ದಳು.

ಅಧ್ಯಕ್ಷೆ ಮೈಕಣ್ಣನ ಕಡೆ ತಿರುಗಿದರು. "ಎಲ್ಲಿ, ನನಗೂ ಒಂದ್ಸಲ ಹೇಳಿ."

ಮೈಕಣ್ಣ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. "ನನಗೆ ಗೊತ್ತಿಲ್ಲ."

ಕಿಟಕಿಯ ಗಾಜು ಸಣ್ಣಗೆ ಗುಂಯ್‌ಗುಟ್ಟಿತು. ಕಾರಿಡಾರಿನಲ್ಲಿ ಕೂತಿದ್ದ ಜವಾನ ಎದ್ದು ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತ. ಕೆಮ್ಮಿದ್ದ ಸದಸ್ಯರು ತಮಗರಿವಿಲ್ಲದೆ ತಲೆ ಬಾಗಿಸಿದರು.

"ಹೂಂ," ಎಂದರು ಅಧ್ಯಕ್ಷೆ. ತುಟಿಯ ತುದಿ ಸ್ವಲ್ಪ ಅಲ್ಲಾಡಿತು. "ಇವರು ವಕೀಲಿ ಮಾಡಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದಿದಾರೆ. ಅದಕ್ಕೆ ಸನ್ನದು ಬೇಡ. ಸನ್ನದು ಇಟ್ಕೊಂಡಿರೋ ನಮ್ಮಲ್ಲಿ ಎಷ್ಟೋ ಜನಕ್ಕೆ ಆ ಮಾತು ಬಾಯಿಗೇ ಬರಲ್ಲ."

ಬೀದಿಯವರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಅಧ್ಯಕ್ಷೆ ಒಂದು ಬೆರಳು ಎತ್ತಿದರು. ಕೈಗಳು ಕೆಳಗಿಳಿದವು.

"ಇನ್ನೊಂದು ಉಳಿದಿದೆ. ಕರಿ ಕೋಟು ಹಾಕ್ಕೊಂಡು ಓಡಾಡಿದೀರಿ. ಜನ ನಿಮ್ಮನ್ನ ಲಾಯರ್ ಸಾರ್ ಅಂದ್ರು. ನೀವು ಅಲ್ಲ ಅಂದ್ರಾ?"

ಭಾವಮೈದ 'ಅಂದೆ, ಅಂದೆ ಅನ್ನಿ' ಎಂಬಂತೆ ತಲೆಯಾಡಿಸುತ್ತಿದ್ದ. ಮೈಕಣ್ಣ ಅವನತ್ತ ನೋಡಲಿಲ್ಲ.

"ಅಂದೆ ಮೇಡಂ. ಆದ್ರೆ ಮೆಲ್ಲಗೆ ಅಂದೆ."

"ಎಷ್ಟು ಮೆಲ್ಲಗೆ?"

ಮೈಕಣ್ಣ ತುಟಿ ಅಲ್ಲಾಡಿಸಿ ತೋರಿಸಿದ. ಏನೂ ಕೇಳಿಸಲಿಲ್ಲ. "ನನ್ನ ಗಂಟಲಿಗೆ ಮೆಲ್ಲಗೆ ಮಾತಾಡೋಕೆ ಬರಲ್ಲ ಮೇಡಂ. ಅದೊಂದಕ್ಕೆ ಮಾತ್ರ ಬಂತು. ಜನ ಎದ್ದು ನಿಲ್ತಿದ್ರು. ಚೆನ್ನಾಗಿರ್ತಿತ್ತು."

ಅಧ್ಯಕ್ಷೆ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದರು. ಪಕ್ಕದ ಸದಸ್ಯರೊಂದಿಗೆ ತಲೆ ಸೇರಿಸಿ ಮಾತಾಡಿದರು. ಆಮೇಲೆ ಹೇಳಿದರು: "ಅರ್ಜಿ ತಿರಸ್ಕಾರ ಮಾಡಲ್ಲ. ಆದ್ರೆ ಈ ಸಲದ ಪ್ರಮಾಣವಚನಕ್ಕೆ ನೀವಿಲ್ಲ. ನಿಮ್ಮ ಬೀದಿಯ ಮನೆಮನೆಗೂ ಹೋಗಿ ನಾನು ವಕೀಲ ಅಲ್ಲ ಅಂತ ಹೇಳಿ ಬನ್ನಿ. ಗಟ್ಟಿಯಾಗಿ ಹೇಳಿ. ನಿಮಗೆ ಬರೋ ಧ್ವನೀಲಿ ಹೇಳಿ. ಮುಂದಿನ ಸಲ ಸನ್ನದು ಕೊಡ್ತೀವಿ."

ಶಿಕ್ಷೆ ಚಿಕ್ಕದು ಎಂದುಕೊಂಡವರು ಮೈಕಣ್ಣನ ಜೊತೆ ಆ ಬೀದಿಯಲ್ಲಿ ನಡೆದಿರಲಿಲ್ಲ. ಅವನು ಮಾಸಿದ ಅಂಗಿ ತೊಟ್ಟು ಒಂದೊಂದೇ ಬಾಗಿಲು ಬಡಿದ. "ನಾನು ವಕೀಲನಲ್ಲ." ಮೊದಲ ಮನೆಯಲ್ಲಿ ಹೇಳಿದ್ದು ನಾಲ್ಕನೆಯ ಮನೆಗೆ ಕೇಳಿಸಿತು, ಆದರೂ ನಾಲ್ಕನೆಯ ಮನೆಗೂ ಹೋದ. ಟೊಮೇಟೊದವಳು ಕಣ್ಣರಳಿಸಿದಳು, ಮರುದಿನದಿಂದ ಒರೆಸುವುದನ್ನು ಬಿಟ್ಟಳು. ವಿಚಾರಣಾಧಿಕಾರಿ ಜೊತೆಗೆ ಬರಬೇಕಾಗಿರಲಿಲ್ಲ, ಆದರೂ ಬಂದಿದ್ದ. ಕೊನೆಯ ಮನೆಯ ಮುಂದೆ ಮೈಕಣ್ಣನ ಕೈಗೆ ನೀರಿನ ಬಾಟಲಿ ಕೊಟ್ಟು, "ಎಷ್ಟೋ ಜನ ಅರ್ಧಕ್ಕೇ ನಿಲ್ಲಿಸಿಬಿಡ್ತಾರೆ," ಎಂದ. ಆ ಮುಖದಿಂದ ಅಷ್ಟು ಮಾತು ಬಂದದ್ದೇ ದೊಡ್ಡದು.

ಪ್ರಮಾಣವಚನದ ದಿನ ಬಂತು. ಸಾಲಾಗಿ ನಿಂತ ಎಳೆಯ ಮುಖಗಳ ನಡುವೆ ಒಂದೇ ಒಂದು ನರೆತ ತಲೆ. ಹುಡುಗ ಹುಡುಗಿಯರ ಧ್ವನಿ ನಡುಗುತ್ತಿತ್ತು. ಒಬ್ಬರದು ಮುಂದೆ, ಒಬ್ಬರದು ಹಿಂದೆ ಓಡುತ್ತಿತ್ತು. ಅಧ್ಯಕ್ಷೆ ಕೈಯೆತ್ತಿ ನಿಲ್ಲಿಸಿದರು. "ಕೊನೇಲಿ ನಿಂತಿದೀರಲ್ಲ, ನೀವು ಮುಂದೆ ಬನ್ನಿ. ನೀವು ಹೇಳಿಕೊಡಿ, ಅವರು ಹೇಳ್ತಾರೆ."

ಮೈಕಣ್ಣ ಮುಂದೆ ಬಂದು ಹೇಳಿಕೊಟ್ಟ. ಬಡವನ ಕೇಸನ್ನು ಬಡವನದೆಂದು ತಳ್ಳುವುದಿಲ್ಲ, ಕೋರ್ಟಿಗೆ ಸುಳ್ಳು ಹೇಳುವುದಿಲ್ಲ, ನಂಬಿದವರ ಗುಟ್ಟು ಬಿಡುವುದಿಲ್ಲ. ಒಂದೊಂದು ಮಾತೂ ಹಳಿಯ ಮೇಲೆ ಬಂದು ನಿಂತಂತೆ ಬಂದು ನಿಂತಿತು. ಎಳೆಯ ಧ್ವನಿಗಳು ಅದನ್ನು ಹತ್ತಿಕೊಂಡು ಒಟ್ಟಿಗೆ ಹೊರಟವು. ಅವನ ತಲೆ ಒಂದು ಅಕ್ಷರವನ್ನೂ ಗಲಿಬಿಲಿ ಮಾಡಲಿಲ್ಲ. ಹಿಂದಿನ ಸಾಲಿನಲ್ಲಿ ಹೆಂಡತಿ ಕಣ್ಣಿಗೇನೋ ಬಿದ್ದಂತೆ ಒರೆಸಿಕೊಂಡಳು.

ಸನ್ನದು ಹಿಡಿದು, ಕೋಟು ತೊಟ್ಟು, ಬಿಳಿಯ ಕೊರಳಪಟ್ಟಿ ಕಟ್ಟಿಕೊಂಡು ಮೈಕಣ್ಣ ಹೆಂಡತಿಯೊಂದಿಗೆ ಬೀದಿಗೆ ಬಂದ. ಯಾರೂ ಏಳಲಿಲ್ಲ. ಮುಂದಿನ ಸಲ ಸನ್ನದು ಕೊಡುತ್ತೇವೆಂದು ಅಧ್ಯಕ್ಷೆ ಹೇಳಿದ್ದು ಮರೆತೇಹೋಗಿ, 'ನಾನು ವಕೀಲನಲ್ಲ' ಎಂದ ಆ ಧ್ವನಿ ಮಾತ್ರ ಬೀದಿಯ ಕಿವಿಯಲ್ಲಿ ಉಳಿದಿತ್ತು. ಸಲೂನಿನವನು ಗಿರಾಕಿಯ ಗಡ್ಡ ಕೆರೆಯುತ್ತಲೇ ಕತ್ತೆತ್ತಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡ.

"ನಾನೀಗ ವಕೀಲ ಕಣಪ್ಪ," ಎಂದ ಮೈಕಣ್ಣ. ಆನಂದಕ್ಕೋ ಏನೋ, ಗಂಟಲು ಕಟ್ಟಿ ಮಾತು ಪಿಸುಗುಟ್ಟಿದಂತೆ ಬಂತು.

"ಆಗ್ಲಿ ಸಾರ್, ಆಗ್ಲಿ," ಎಂದ ಸಲೂನಿನವನು, ಜ್ವರದಲ್ಲಿದ್ದವರನ್ನು ಸಮಾಧಾನ ಮಾಡುವ ಹಾಗೆ. "ಮನೆಗೆ ಹೋಗಿ, ಸ್ವಲ್ಪ ಮಲಗಿ." ಮೈಕಣ್ಣ ಎರಡು ಹೆಜ್ಜೆ ಮುಂದೆ ಹೋದದ್ದೇ ತಡ, ಬ್ರಷ್ಷು ಹಿಡಿದುಕೊಂಡೇ ಓಡಿ ಬಂದು ಹೆಂಡತಿಯ ಹತ್ತಿರ ಮೆಲ್ಲಗೆ ಕೇಳಿದ: "ಅಕ್ಕಾ, ಮತ್ತೆ ಶುರುವಾಯ್ತಾ?"

ಅವಳು ಮುಂದೆ ನಡೆಯುತ್ತಿದ್ದ ಕರಿ ಕೋಟಿನ ಬೆನ್ನನ್ನು ನೋಡಿದಳು.

"ಹೂಂ ಕಣಪ್ಪ," ಎಂದಳು. "ಈ ಸಲ ನಿಲ್ಲಲ್ಲ."